‘ಇನ್‌ಸೈಡ್ ದಿ ಎನ್‌ಬಿಎ’: ಬಾರ್ಕ್ಲಿ ಮಾತಿನ ಬಲ, ಬಾರ್ಕ್ಲಿ ಮಾತಿನ ಮಿತಿ

ಪಂದ್ಯ ಮುಗಿದ ಮೇಲೂ ಟಿವಿ ಆರಿಸಲು ಬಿಡದ ಕ್ರೀಡಾ ಕಾರ್ಯಕ್ರಮಗಳು ಕಡಿಮೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಬಗೆಗಿನ ‘ಇನ್‌ಸೈಡ್ ದಿ ಎನ್‌ಬಿಎ’ ಅಂಥದ್ದು. ಟಿಎನ್‌ಟಿ ವಾಹಿನಿ ಪ್ರಸಾರದ ಹಕ್ಕು ಕಳೆದುಕೊಂಡಿದ್ದರಿಂದ 2025ರ ಅಕ್ಟೋಬರ್‌ನಿಂದ ಇದು ಇಎಸ್‌ಪಿಎನ್, ಎಬಿಸಿಗಳಿಗೆ ಬಂದಿದೆ. ತಯಾರಾಗುವುದು ಮಾತ್ರ ಅಟ್ಲಾಂಟಾದಲ್ಲೇ, ಹಳೇ ತಂಡದ ಕೈಯಲ್ಲೇ. ನಿರೂಪಕ ಅರ್ನಿ ಜಾನ್ಸನ್, ಜೊತೆಗೆ ಮಾಜಿ ಆಟಗಾರರಾದ ಕೆನ್ನಿ ಸ್ಮಿತ್, ಶಕೀಲ್ ಓನೀಲ್. ಆದರೆ ಹೆಚ್ಚಿನವರು ಕೂತು ಕೇಳುವುದು ಇನ್ನೊಬ್ಬ ಮಾಜಿ ಆಟಗಾರ ಚಾರ್ಲ್ಸ್ ಬಾರ್ಕ್ಲಿಗಾಗಿ.

ಅವರ ಮಾತು ಅರ್ಥವಾಗಬೇಕಾದರೆ ಅವರ ಆಟ ಗೊತ್ತಿರಬೇಕು. ದಾಖಲೆಯಲ್ಲಿ 6 ಅಡಿ 6 ಅಂಗುಲ, ನಿಜದಲ್ಲಿ ಅದಕ್ಕಿಂತ ಗಿಡ್ಡ. ಅಷ್ಟರಲ್ಲೇ 1986–87ರಲ್ಲಿ ಏಳಡಿ ಆಳುಗಳ ನಡುವೆ ಪಂದ್ಯಕ್ಕೆ ಸರಾಸರಿ 14.6 ರೀಬೌಂಡ್ (ಬುಟ್ಟಿ ತಪ್ಪಿ ಪುಟಿದ ಚೆಂಡು) ಹಿಡಿದು ಲೀಗ್‌ಗೇ ಮೊದಲಿಗರಾದರು. ಜಿಗಿತ ಇತ್ತು, ನಿಜ. ಆದರೆ ಅದಕ್ಕಿಂತ ಮೊದಲಿನ ಕೆಲಸವೇ ಮುಖ್ಯ: ಎಸೆತ ಕೈಬಿಟ್ಟ ಕೂಡಲೇ ಸೊಂಟ ತಗ್ಗಿಸಿ, ಎದುರಾಳಿಯ ತೊಡೆಗೆ ಬೆನ್ನು ಆನಿಸಿ, ಜಾಗ ಹಿಡಿದು ನಿಲ್ಲುವುದು. ಚೆಂಡು ಕೈಯಲ್ಲಿದ್ದಾಗಲೂ ಅದೇ ಬೆನ್ನು. ಪುಟಿಸುತ್ತ, ದೂಡುತ್ತ, ಬುಟ್ಟಿಯವರೆಗೆ ಸಾಗುತ್ತಿದ್ದರು. ಕೊನೆಗೆ 1999–2000ರ ಋತುವಿಗೆ ಎನ್‌ಬಿಎ ನಿಯಮವನ್ನೇ ತಂದಿತು: ಬುಟ್ಟಿಯ ಮುಂದಿನ ಫ್ರೀ ಥ್ರೋ (ದಂಡದ ಎಸೆತ) ಗೆರೆಯ ಮಟ್ಟಕ್ಕಿಂತ ಒಳಗೆ ಹೀಗೆ ಬೆನ್ನು ಕೊಟ್ಟು ಪುಟಿಸುವುದು 5 ಸೆಕೆಂಡು ದಾಟುವಂತಿಲ್ಲ. ಆ ಋತುವೇ ಅವರ ಕೊನೆಯದೂ ಆಯಿತು. ಡಿಸೆಂಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಮಂಡಿಯ ಮೇಲಿನ ಸ್ನಾಯುರಜ್ಜು ಹರಿಯಿತು. ಏಪ್ರಿಲ್‌ನಲ್ಲಿ ಹ್ಯೂಸ್ಟನ್ ಪರ ಒಂದೇ ಪಂದ್ಯಕ್ಕೆ ಮರಳಿ, ತಪ್ಪಿದ ಎಸೆತವೊಂದನ್ನು ಹಿಡಿದು ಬುಟ್ಟಿಗೆ ಹಾಕಿ ಹೊರಟರು. 23,757 ಅಂಕ, 1993ರ ಎಂವಿಪಿ (ಋತುವಿನ ಶ್ರೇಷ್ಠ ಆಟಗಾರ) ಪ್ರಶಸ್ತಿ, ಎರಡು ಒಲಿಂಪಿಕ್ ಚಿನ್ನ. ಚಾಂಪಿಯನ್‌ಶಿಪ್ ಮಾತ್ರ ಒಂದೂ ಇಲ್ಲ, ನಾಲ್ಕು ಗೆದ್ದ ಶಕೀಲ್ ಅದನ್ನು ಚುಚ್ಚದೆ ಬಿಡುವುದೂ ಇಲ್ಲ.

2000ದಲ್ಲೇ ಸ್ಟುಡಿಯೊಗೆ ಬಂದರು. ಒಳಗಿನ ಆಟ, ಮೈಗಳ್ಳತನ, ರೀಬೌಂಡ್‌ಗೆ ಯಾರು ಹೋಗಲಿಲ್ಲ ಎಂಬುದನ್ನು ಹೇಳುವುದರಲ್ಲಿ ಬಾರ್ಕ್ಲಿಯನ್ನು ಮೀರಿಸುವವರು ಕಡಿಮೆ. ಸ್ಟಾರ್ ಆಟಗಾರನ ಹೆಸರು ಹೇಳಿಯೇ ಬೈಯುತ್ತಾರೆ. ಎಡವುವುದು ಮೂರಂಕದ ಗೆರೆಯಾಚೆ, ಅಂದರೆ ದೂರದಿಂದ ಎಸೆದು ಮೂರಂಕ ಗಳಿಸುವ ಆಟದ ವಿಷಯದಲ್ಲಿ. ಹೊರಗಿನಿಂದ ಎಸೆಯುವುದನ್ನೇ ನಂಬಿದ ತಂಡ ಕಪ್ ಗೆಲ್ಲದು ಎಂದು ಪಟ್ಟು ಹಿಡಿದಿದ್ದರು. 2015ರಲ್ಲಿ ಅಂಥದ್ದೇ ತಂಡ ಗೋಲ್ಡನ್ ಸ್ಟೇಟ್ ಗೆದ್ದಿತು. ಸ್ವಂತ ವೃತ್ತಿಜೀವನದಲ್ಲಿ ಮೂರಂಕದ ಎಸೆತ ಬಿದ್ದದ್ದು ಶೇ 26.6 ಮಾತ್ರ, ನಂಬಿಕೆ ಎಲ್ಲಿಂದ ಬರಬೇಕು!

ಇನ್ನೊಂದು ಕೊರತೆ ತಯಾರಿಯದು. ‘ಹೂ ಹೀ ಪ್ಲೇ ಫಾರ್’ ಎಂಬ ಭಾಗದಲ್ಲಿ ಅರ್ನಿ ಆಟಗಾರನ ಹೆಸರು ಹೇಳುತ್ತಾರೆ, ಯಾವ ತಂಡ ಎಂದು ಬಾರ್ಕ್ಲಿ ಹೇಳಬೇಕು. ಬೆಂಚ್ ಆಟಗಾರರು ಬಂದರೆ ಮುಖ ನೋಡಬೇಕು! ನಗು ಬರುತ್ತದೆ. ಆದರೆ ಸಣ್ಣ ಊರಿನ ತಂಡದ ಅಭಿಮಾನಿಗಳಿಗೆ ಇಲ್ಲಿ ಸಿಗುವುದು ಅಷ್ಟೇ ಎನ್ನುವುದಕ್ಕೂ ಅದೇ ಸಾಕ್ಷಿ. ತಂತ್ರ ತಿಳಿಯಬೇಕಿದ್ದರೆ ಕೆನ್ನಿ ಸ್ಮಿತ್ ದೊಡ್ಡ ಪರದೆಯ ಮುಂದೆ ನಿಂತು ದೃಶ್ಯ ನಿಲ್ಲಿಸಿ ವಿವರಿಸುವುದನ್ನು ನೋಡಿ.

ಪಂದ್ಯದ ಮಧ್ಯಂತರ ಇರುವುದೇ 15 ನಿಮಿಷ. ಜಾಹೀರಾತು ಕಳೆದರೆ ನಾಲ್ವರಿಗೆ ಒಂದೊಂದು ಮಾತಿಗೆ ಜಾಗ ಸಿಕ್ಕರೆ ಹೆಚ್ಚು. ಅಸಲಿ ಕಾರ್ಯಕ್ರಮ ಇರುವುದು ಪಂದ್ಯದ ನಂತರ. ಅಮೆರಿಕದ ಪೂರ್ವ ತೀರದ ರಾತ್ರಿ 7:30ರ ಪಂದ್ಯ ಚಳಿಗಾಲದಲ್ಲಿ ನಮಗೆ ಬೆಳಿಗ್ಗೆ 6ಕ್ಕೆ ಶುರುವಾಗುತ್ತದೆ, ಅಂದರೆ ಹರಟೆಯ ಹೊತ್ತು ಸರಿಯಾಗಿ ಆಫೀಸಿಗೆ ಹೊರಡುವ ಹೊತ್ತು. ಯೂಟ್ಯೂಬ್ ತುಣುಕುಗಳನ್ನೇ ನೆಚ್ಚುವವರು ಆಯ್ದು ನೋಡಬೇಕು: ಬೇಗ ಹರಡುವುದು ಬಾರ್ಕ್ಲಿ–ಶಕೀಲ್ ಜಗಳಗಳು, ಕೆನ್ನಿಯ ಪರದೆಯ ಪಾಠವನ್ನು ಹುಡುಕಿಕೊಂಡೇ ಹೋಗಬೇಕು.