ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಸಿದ್ಧ ಪ್ಯಾನೆಲ್ ಕೊಳ್ಳುವ ಮುನ್ನ

ಅಮೆರಿಕದಲ್ಲಿ ಕಿಟ್ ತರಿಸಿಕೊಂಡು ಸ್ವಂತ ವಿಮಾನ ಕಟ್ಟುತ್ತಿರುವ, ಇಲ್ಲವೇ ಕಟ್ಟುವ ಯೋಚನೆಯಲ್ಲಿರುವ ಕನ್ನಡಿಗರು ಏವಿಯಾನಿಕ್ಸ್‌ಗೆ, ಅಂದರೆ ವಿಮಾನದ ಎಲೆಕ್ಟ್ರಾನಿಕ್ ಉಪಕರಣಗಳಿಗೆ, ಮುಂಗಡ ಕೊಡುವ ಮುನ್ನ ಇದನ್ನು ಓದಬೇಕೆಂದು ಕೋರುತ್ತೇನೆ. ‘ನಿಮ್ಮದು ಎಕ್ಸ್‌ಪೆರಿಮೆಂಟಲ್ ವಿಮಾನ, ಅದಕ್ಕೆ ಸರ್ಟಿಫೈಡ್ ಉಪಕರಣ ಬೇಕಾಗಿಲ್ಲ’ ಎಂಬ ಮಾತನ್ನು ಮಾರಾಟಗಾರರು ಧಾರಾಳವಾಗಿ ಹೇಳುತ್ತಾರೆ. (ಹೀಗೆ ಸ್ವಂತವಾಗಿ ಕಟ್ಟಿದ ವಿಮಾನಗಳು ಅಲ್ಲಿ ‘ಎಕ್ಸ್‌ಪೆರಿಮೆಂಟಲ್’ ವರ್ಗಕ್ಕೆ ಸೇರುತ್ತವೆ.) ಅದು ಅರ್ಧ ಮಾತ್ರ ನಿಜ. ಉಳಿದರ್ಧವನ್ನು ಯಾರೂ ಹೇಳದೆ ಹೋದದ್ದಕ್ಕೆ ನಾನು ಹಲವು ಸಾವಿರ ಡಾಲರ್ ತೆರಬೇಕಾಯಿತು. ಹಾರಬೇಕಿದ್ದ ವಿಮಾನ ಒಂದು ಇಡೀ ಬೇಸಿಗೆ ಹ್ಯಾಂಗರಿನಲ್ಲೇ ನಿಂತಿತು.

ನನ್ನದು ಎರಡು ಆಸನಗಳ, ಕಿಟ್‌ನಿಂದ ಕಟ್ಟುವ ಆರ್‌ವಿ-7. ಡಲ್ಲಾಸ್ ಸಮೀಪದ ಒಂದು ಸಣ್ಣ ವಿಮಾನ ನಿಲ್ದಾಣದಲ್ಲಿ ಅದು ನಿಲ್ಲುತ್ತದೆ. ರೆಕ್ಕೆ, ಒಡಲು, ಎಂಜಿನ್ ಇವೆಲ್ಲವನ್ನೂ ನಾನೇ ಜೋಡಿಸಿದೆನಾದರೂ ಪ್ಯಾನೆಲ್ಲನ್ನು, ಅಂದರೆ ಪೈಲಟ್‌ನ ಎದುರಿನ ಉಪಕರಣ ಫಲಕವನ್ನು ಮಾತ್ರ ಆ ಕೆಲಸವನ್ನೇ ವೃತ್ತಿಯಾಗಿಸಿಕೊಂಡ ಒಂದು ಅಂಗಡಿಗೆ ಒಪ್ಪಿಸಿದೆ. ಹಾರಾಟದ ಮತ್ತು ಎಂಜಿನ್ನಿನ ಮಾಹಿತಿ ತೋರಿಸುವ ಎರಡು ಪರದೆ, ಆಟೋಪೈಲಟ್, ಪರದೆಯಿಂದಲೇ ನಿಯಂತ್ರಿಸುವ ಟ್ರಾನ್ಸ್‌ಪಾಂಡರ್ (ವಿಮಾನದ ಗುರುತು, ಸ್ಥಾನಗಳನ್ನು ಪ್ರಸಾರ ಮಾಡುವ ಉಪಕರಣ) ಮತ್ತು ರೇಡಿಯೊ, ಒಂದು ಜಿಪಿಎಸ್ ರಿಸೀವರ್, ಎಲ್ಲವನ್ನೂ ಕೂಡಿಸುವ ವೈರಿಂಗ್ ಹಾರ್ನೆಸ್ ಸೇರಿ ಒಂದೇ ಬೆಲೆ. ಈ ಜಿಪಿಎಸ್ 2020ರ ಎಡಿಎಸ್-ಬಿ ನಿಯಮಕ್ಕೆ ಸಾಕಾಗುತ್ತದೆಯೇ ಎಂದು ನಾನು ಮೊದಲೇ ಬರಹದಲ್ಲಿ ಕೇಳಿದ್ದೆ. ಸಾಕಾಗುತ್ತದೆ ಎಂಬ ಉತ್ತರವೂ ಬರಹದಲ್ಲೇ ಬಂದಿತ್ತು.

ನಿಯಮ ಹೇಳುವುದೇನೆಂದರೆ, 2020ರ ಜನವರಿ 1ರಿಂದ ಎ, ಬಿ ಮತ್ತು ಸಿ ವರ್ಗದ ವಾಯುಪ್ರದೇಶದಲ್ಲಿ, ದೊಡ್ಡ ನಿಲ್ದಾಣಗಳ ಸುತ್ತಲಿನ 30 ನಾಟಿಕಲ್ ಮೈಲಿಯ ‘ಮೋಡ್ ಸಿ ವೇಲ್’ ಒಳಗೆ, ಹಾಗೂ ಬಹುಮಟ್ಟಿಗೆ 10,000 ಅಡಿಗಿಂತ ಮೇಲೆ ಹಾರುವ ವಿಮಾನವು ತನ್ನ ಸ್ಥಾನ, ಎತ್ತರ ಮತ್ತು ವೇಗವನ್ನು ತಾನೇ ಪ್ರಸಾರ ಮಾಡುತ್ತಿರಬೇಕು. ಮನೆಯಲ್ಲಿ ಕಟ್ಟಿದ ವಿಮಾನದ ಉಪಕರಣಕ್ಕೆ ಟಿಎಸ್‌ಒ ಮುದ್ರೆ (ಅಮೆರಿಕದ ವಿಮಾನಯಾನ ಪ್ರಾಧಿಕಾರವಾದ ಎಫ್‌ಎಎಯ ಅಂಗೀಕಾರದ ಗುರುತು) ಇರಲೇಬೇಕೆಂದಿಲ್ಲ ಎನ್ನುವಷ್ಟರ ಮಟ್ಟಿಗೆ ಮಾರಾಟಗಾರರ ಮಾತು ಸರಿ. ಆದರೆ ಆ ಮುದ್ರೆಯ ಉಪಕರಣ ಯಾವ ಮಟ್ಟದ ಕಾರ್ಯಕ್ಷಮತೆ ತೋರಬೇಕೋ ಅದೇ ಮಟ್ಟವನ್ನು ಮುದ್ರೆ ಇಲ್ಲದ ಉಪಕರಣವೂ ತೋರಬೇಕು. ಸ್ಥಾನದ ನಿಖರತೆ 0.05 ನಾಟಿಕಲ್ ಮೈಲಿಯೊಳಗೆ, ನಿಜ ಸ್ಥಾನ ಇದರೊಳಗೇ ಇದೆ ಎಂದು ನಂಬಬಹುದಾದ ಎಲ್ಲೆ 0.2 ನಾಟಿಕಲ್ ಮೈಲಿಯೊಳಗೆ ಇರಬೇಕು. ಎಸ್‌ಐಎಲ್ ಎಂಬ ಮೌಲ್ಯ 3, ಎಸ್‌ಡಿಎ ಎಂಬ ಮೌಲ್ಯ ಕನಿಷ್ಠ 2 ಇರಬೇಕು. ಈ ಕೊನೆಯ ಎರಡು ಮೌಲ್ಯಗಳು ಆಕಾಶದಲ್ಲಿ ಅಳೆದು ಸಿಗುವಂಥವಲ್ಲ. ರಿಸೀವರನ್ನೂ ಇಡೀ ವ್ಯವಸ್ಥೆಯನ್ನೂ ಯಾವ ಮಟ್ಟದ ವಿಶ್ವಾಸಾರ್ಹತೆಗೆ ವಿನ್ಯಾಸ ಮಾಡಿದ್ದಾರೆ ಎಂಬುದನ್ನು ಅವು ಘೋಷಿಸುತ್ತವೆ. ಆದ್ದರಿಂದ ಅಗ್ಗದ ಜಿಪಿಎಸ್ ಎಷ್ಟೇ ನಿಖರವಾಗಿ ಸ್ಥಾನ ತೋರಿಸಿದರೂ, ಅದರ ತಯಾರಕರು ಆ ಮಟ್ಟವನ್ನು ಸಾಧಿಸಿ ತೋರಿಸದ ಹೊರತು ಅದಕ್ಕೆ ತೇರ್ಗಡೆಯಿಲ್ಲ.

ಪರೀಕ್ಷಾ ಹಾರಾಟಗಳ ಆರಂಭದಲ್ಲಿ ಪರದೆಯ ಮೇಲೆ ಎಲ್ಲವೂ ಹಸಿರಾಗಿಯೇ ಇತ್ತು. ನಿಯಂತ್ರಕರಿಗೆ ನಾನು ಕಾಣುತ್ತಿದ್ದೆ, ಯಾರೂ ತಕರಾರು ಎತ್ತಲಿಲ್ಲ. ಎಫ್‌ಎಎ ಉಚಿತವಾಗಿ ಕೊಡುವ ಎಡಿಎಸ್-ಬಿ ಕಾರ್ಯಕ್ಷಮತೆಯ ವರದಿಯನ್ನು ತರಿಸಿದಾಗ ಮಾತ್ರ ಅದರಲ್ಲಿ ಕೆಂಪು ಸಾಲುಗಳು ಕಂಡವು: ಎಸ್‌ಐಎಲ್ ಸೊನ್ನೆ, ಹಾರಾಟದ ಆದಿಯಿಂದ ಅಂತ್ಯದವರೆಗೂ ಸೊನ್ನೆ. ಟ್ರಾನ್ಸ್‌ಪಾಂಡರ್ ತನಗೆ ಬಂದ ಮಾಹಿತಿಯನ್ನು ಪ್ರಾಮಾಣಿಕವಾಗಿ ಪ್ರಸಾರ ಮಾಡುತ್ತಿತ್ತು, ಆ ಮಾಹಿತಿ ನಿಯಮಕ್ಕೆ ಸಾಲುತ್ತಿರಲಿಲ್ಲ ಅಷ್ಟೆ. ಪರದೆಯ ಹಸಿರು ಗುರುತು ‘ಪ್ರಸಾರವಾಗುತ್ತಿದೆ’ ಎಂಬುದನ್ನಷ್ಟೇ ಹೇಳುತ್ತದೆ.

ಅಂಗಡಿಯವರು ಮೊದಲು ನನ್ನ ಆಂಟೆನಾದ ಜಾಗವನ್ನು ದೂರಿದರು, ಆಮೇಲೆ ಸಾಫ್ಟ್‌ವೇರ್ ಆವೃತ್ತಿಯನ್ನು. ಅವರದೇ ಪತ್ರವನ್ನು ಮುಂದಿಟ್ಟಾಗ, ಆ ಉತ್ತರ ‘ಸಾಮಾನ್ಯ ಮಾಹಿತಿ’ಯಾಗಿತ್ತೇ ಹೊರತು ಭರವಸೆಯಾಗಿರಲಿಲ್ಲ ಎಂದರು. ಇತ್ತ ನನ್ನ ನಿಲ್ದಾಣ ಡಲ್ಲಾಸ್-ಫೋರ್ಟ್ ವರ್ತ್‌ನ 30 ಮೈಲಿ ವೃತ್ತದೊಳಗೇ ಇರುವುದರಿಂದ, ನಿಯಮ ಮೀರದೆ ವಿಮಾನವನ್ನು ನೆಲದಿಂದ ಎತ್ತುವಂತೆಯೇ ಇರಲಿಲ್ಲ. ವಿನಾಯಿತಿ ಕೋರಲು ಎಫ್‌ಎಎಯ ಒಂದು ವ್ಯವಸ್ಥೆ ಇದೆ. ಹಾರಾಟಕ್ಕೆ 24 ಗಂಟೆಗಿಂತ ಮುಂಚೆ ಅಲ್ಲದೆ, ಒಂದು ಗಂಟೆಗಿಂತ ತಡವೂ ಅಲ್ಲದೆ ಅದರಲ್ಲಿ ಅರ್ಜಿ ಹಾಕಬೇಕು. ಒಮ್ಮೆ ದುರಸ್ತಿಗೆ ಒಯ್ಯುವುದಕ್ಕೆ ಅದು ಸರಿ. ಎಂಜಿನ್ ಮತ್ತು ಪ್ರೊಪೆಲರ್ ಜೋಡಿಯನ್ನು ಅವಲಂಬಿಸಿ ಸಾಮಾನ್ಯವಾಗಿ 25 ಅಥವಾ 40 ಗಂಟೆ ನಡೆಯುವ ಮೊದಲ ಹಂತದ ಪರೀಕ್ಷಾ ಹಾರಾಟವನ್ನು ಅದರ ಭರವಸೆಯ ಮೇಲೆ ನಡೆಸಲಾಗದು.

ಬೇರೆ ಕಂಪನಿಯ ಒಳ್ಳೆಯ ಜಿಪಿಎಸ್ ರಿಸೀವರ್ ತಂದು ಜೋಡಿಸಿದರೆ ಸಾಕಲ್ಲವೇ ಎಂದು ನೀವು ಕೇಳಬಹುದು. ಇಡೀ ಪ್ರಕರಣದ ಮುಖ್ಯ ಗಂಟು ಇರುವುದು ಅಲ್ಲಿಯೇ. ಆರ್‌ಎಸ್-232 ಅಥವಾ ಆರಿಂಕ್ 429ರಂಥ ಎಲ್ಲರಿಗೂ ತಿಳಿದ ಸಂಪರ್ಕಗಳನ್ನು ಬಳಸುವ ಉಪಕರಣಗಳಾಗಿದ್ದರೆ ಒಂದನ್ನು ತೆಗೆದು ಇನ್ನೊಂದನ್ನು ಹಾಕಲು ದಾರಿ ಇರುತ್ತದೆ. ನನಗೆ ಮಾರಿದ ಟ್ರಾನ್ಸ್‌ಪಾಂಡರ್ ತನ್ನದೇ ಕಂಪನಿಯ ಉಪಕರಣ ಕುಟುಂಬದ ಪರದೆಯ ಮೂಲಕ ಬಂದ ಸ್ಥಾನವನ್ನಲ್ಲದೆ ಬೇರಾವುದನ್ನೂ ಸ್ವೀಕರಿಸುತ್ತಿರಲಿಲ್ಲ. ಹೀಗಾಗಿ ರಿಸೀವರ್ ಜೊತೆಗೆ ಟ್ರಾನ್ಸ್‌ಪಾಂಡರ್ ಕೂಡ ಹೋಯಿತು. ಅದನ್ನು ಆಡಿಸುವ ಗುಂಡಿಯೂ ಪರದೆಯೊಳಗೇ ಇದ್ದುದರಿಂದ ಪ್ಯಾನೆಲ್ಲಿನಲ್ಲಿ ಹೊಸದಕ್ಕೆ ಜಾಗವೂ ಇರಲಿಲ್ಲ. ತಗಡನ್ನು ಮತ್ತೆ ಕತ್ತರಿಸಬೇಕಾಯಿತು.

ಇದೇ ಏಕಕುಟುಂಬದ ಏರ್ಪಾಡಿನ ಇನ್ನೊಂದು ಮುಖ ಎಂಜಿನ್ ಚಾಲೂ ಮಾಡುವಾಗ ಕಾಣಿಸಿತು. ಸ್ಟಾರ್ಟರ್ ತಿರುಗುವ ಕ್ಷಣದಲ್ಲಿ ಬ್ಯಾಟರಿಯ ವೋಲ್ಟೇಜ್ ಕುಸಿಯುವುದು ಸಹಜ. ಬ್ಯಾಕಪ್ ಬ್ಯಾಟರಿ ನನ್ನ ಪಟ್ಟಿಯಲ್ಲಿ ಸೇರಿರಲಿಲ್ಲವಾದ್ದರಿಂದ ಪರದೆ ಆರಿ ಮತ್ತೆ ಏಳುತ್ತಿತ್ತು. ಅದು ಏಳುವವರೆಗೆ ಎಂಜಿನ್ನಿನ ಆಯಿಲ್ ಒತ್ತಡವೂ ಕಾಣದು, ರೇಡಿಯೊ ಕೂಡ ಮಾತಾಡದು. ಶುರುವಾದ ಮೊದಲ ಅರ್ಧ ನಿಮಿಷದಲ್ಲಿ ಆಯಿಲ್ ಒತ್ತಡ ಕಾಣದಿದ್ದರೆ ಎಂಜಿನ್ ನಿಲ್ಲಿಸಬೇಕೆಂದು ಕಲಿತವನಿಗೆ ಇದು ಸಣ್ಣ ವಿಷಯವಲ್ಲ. ಈಗ ನನ್ನ ಪ್ಯಾನೆಲ್ಲಿನಲ್ಲಿ ಪರದೆಯ ಹಂಗಿಲ್ಲದೆ, ತನ್ನದೇ ಗುಂಡಿಗಳಿರುವ ಒಂದು ರೇಡಿಯೊ ಇದೆ. ನೋಡಲು ಹಳೆಯ ಕಾಲದ್ದೆನಿಸುತ್ತದೆ, ಇರಲಿ.

ಹಾರ್ನೆಸ್ಸಿನ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅತ್ಯಂತ ಹೆಚ್ಚು ಸಮಯ ತಿಂದದ್ದು ಅದು. ವಿಮಾನದಲ್ಲಿ ಬಳಸುವ ಟೆಫ್‌ಜೆಲ್ ವೈರು ಸಾಮಾನ್ಯವಾಗಿ ಬಿಳಿಯದು. ನನಗೆ ಬಂದದ್ದು ಹೆಸರುಪಟ್ಟಿ ಇಲ್ಲದ ಬಿಳಿ ವೈರುಗಳ ಒಂದು ದಪ್ಪ ಕಟ್ಟು. ಯಾವ ಪಿನ್ನಿನಿಂದ ಯಾವ ಪಿನ್ನಿಗೆ ಎಂಬ ನಕ್ಷೆಯನ್ನು ಕೇಳಿದಾಗ ಅದು ತಮ್ಮ ವ್ಯಾಪಾರದ ಗುಟ್ಟು ಎಂದರು. ನಕ್ಷೆಯಿಲ್ಲದೆ ಟ್ರಾನ್ಸ್‌ಪಾಂಡರ್ ಬದಲಿಸುವುದೆಂದರೆ ಮೀಟರ್ ಹಿಡಿದು ಒಂದೊಂದೇ ಎಳೆಯನ್ನು ಗುರುತಿಸುತ್ತ ಕೂರುವುದು. ಹಾಗೆ ಹುಡುಕುವಾಗಲೇ ಮೈಕಿನ ವೈರಿನ ಲೋಹದ ಕವಚವನ್ನು ಎರಡೂ ತುದಿಯಲ್ಲಿ ಗ್ರೌಂಡ್ ಮಾಡಿರುವುದು ತಿಳಿಯಿತು. ಹೆಡ್‌ಸೆಟ್ಟಿನಲ್ಲಿ ಆಲ್ಟರ್ನೇಟರಿನ ಗುಯ್‌ಗುಡುವಿಕೆ ಕೇಳುತ್ತಿದ್ದುದಕ್ಕೆ ಕಾರಣ ಅದೇ. ದಿಕ್ಕನ್ನು ಅಳೆಯುವ ಮ್ಯಾಗ್ನೆಟೋಮೀಟರಿನ ವೈರನ್ನು ಗಿಡ್ಡವಾಗಿ ಕತ್ತರಿಸಿದ್ದರಿಂದ ಆ ಉಪಕರಣವನ್ನು ದೀಪದ ವೈರಿನ ಪಕ್ಕದಲ್ಲೇ ಕೂರಿಸಬೇಕಾಗಿತ್ತು, ದೀಪ ಹಾಕಿದೊಡನೆ ದಿಕ್ಕು ಸರಿಯುತ್ತಿತ್ತು. ನೆಲದ ಮೇಲೆಯೇ ದೀಪ, ಪಂಪು, ಪಿಟೋ ಹೀಟರ್ ಒಂದೊಂದನ್ನೂ ಹಾಕಿ ಆರಿಸುತ್ತ ಪರದೆಯ ದಿಕ್ಕನ್ನು ನೋಡಿದರೆ ಈ ದೋಷ ಹತ್ತು ನಿಮಿಷದಲ್ಲಿ ಸಿಕ್ಕುತ್ತದೆ. ಪ್ಯಾನೆಲ್ ತಲುಪಿದ ಮೇಲೆ ಕೊಡುವ ಕೊನೆಯ ಕಂತನ್ನು ಈ ಪರೀಕ್ಷೆಯವರೆಗೆ ತಡೆಹಿಡಿಯುವ ಷರತ್ತನ್ನು ಒಪ್ಪಂದದಲ್ಲೇ ಸೇರಿಸಿ. ನಕ್ಷೆ ಕೊಡಲು ಒಪ್ಪದ ಅಂಗಡಿಗೆ ಮುಂಗಡವನ್ನೇ ಕೊಡಬೇಡಿ.

ಮೋಡದಲ್ಲಿ, ಅಂದರೆ ಐಎಫ್‌ಆರ್ (ಉಪಕರಣಗಳನ್ನೇ ಆಧರಿಸಿದ ಹಾರಾಟದ) ನಿಯಮದಡಿ ಹಾರುವ ಉದ್ದೇಶವಿರುವವರು ಇದೇ ‘ಸರ್ಟಿಫೈಡ್ ಬೇಡ’ ಎಂಬ ಮಾತನ್ನು ಇನ್ನೂ ಹೆಚ್ಚು ಅನುಮಾನದಿಂದ ನೋಡಬೇಕು. ಪರದೆಗೆ ಮುದ್ರೆ ಬೇಡದಿರಬಹುದು, ಆದರೆ ಇಳಿಯುವ ಮಾರ್ಗ ತೋರಿಸುವ ಜಿಪಿಎಸ್ ನ್ಯಾವಿಗೇಟರ್ ಅದಕ್ಕೆಂದೇ ಅಂಗೀಕೃತವಾದ ಬಗೆಯದಾಗಿರಬೇಕು. ಪರದೆಯಲ್ಲಿ ಸುಂದರವಾಗಿ ಮೂಡುವ ನಕ್ಷೆ ಅದಕ್ಕೆ ಬದಲಿಯಲ್ಲ. ವಿಮಾನ ಕಟ್ಟಿದವರಿಗೆ ಸಿಗುವ ರಿಪೇರ್‌ಮನ್ ಪ್ರಮಾಣಪತ್ರದಿಂದ ವಾರ್ಷಿಕ ತಪಾಸಣೆಯನ್ನು ನಾವೇ ಮಾಡಿಕೊಳ್ಳಬಹುದಾದರೂ, 24 ತಿಂಗಳಿಗೊಮ್ಮೆ ಮಾಡಿಸಬೇಕಾದ ಟ್ರಾನ್ಸ್‌ಪಾಂಡರ್ ಪರೀಕ್ಷೆ ಅದರಲ್ಲಿ ಸೇರುವುದಿಲ್ಲ.

ಇನ್ನೊಬ್ಬರು ಕಟ್ಟಿ ಹಾರಿಸಿದ ವಿಮಾನವನ್ನು ಕೊಳ್ಳುವವರಿಗೂ ಇದು ಅನ್ವಯಿಸುತ್ತದೆ. ಇತ್ತೀಚಿನ ಹಾರಾಟವೊಂದರ ಎಡಿಎಸ್-ಬಿ ವರದಿಯನ್ನು ಮಾಲೀಕರಿಂದ ಕೇಳಿ. ವಿಮಾನದ ಬಾಲದ ಸಂಖ್ಯೆ ಮತ್ತು ಹಾರಿದ ದಿನವನ್ನು ಎಫ್‌ಎಎಗೆ ತಿಳಿಸಿದರೆ ಅದು ಇಮೇಲ್‌ನಲ್ಲಿ ಬರುತ್ತದೆ. ಕೆಂಪು ಸಾಲು ಒಂದೇ ಒಂದಿದ್ದರೂ ಬೆಲೆ ಮಾತಾಡುವ ಮೊದಲು ಅದರ ಕಾರಣ ತಿಳಿದುಕೊಳ್ಳಿ, ಆಮೇಲೆ ವೈರಿಂಗ್ ನಕ್ಷೆಯನ್ನು ಕೇಳಿ.