ತಂತಿ ಬೇಲಿ, ಗೊಬ್ಬರದ ಗಿಡದ ಬೇಲಿ, ಹಲವು ಗಿಡದ ಬೇಲಿ: ನಮ್ಮ ಹೊಲದಲ್ಲಿ ಕಂಡದ್ದು

ತಿಪಟೂರು ಕಡೆ ನಮ್ಮದು ಎರಡು ಎಕರೆ ಮಳೆಯಾಶ್ರಿತ ಹೊಲ. ರಾಗಿ ಬೆಳೆಯುತ್ತೇವೆ. ರಾಗಿ ನಡುನಡುವೆ ಬಿಡುವ ಅಕ್ಕಡಿ ಸಾಲಿಗೆ ಅವರೆ, ತೊಗರಿ, ಹುಚ್ಚೆಳ್ಳು. ತಾತನ ಕಾಲದ ಬೇಲಿ ಸಾಲು ಸುಮ್ನೆ ಜಾಗ ತಿನ್ನುತ್ತೆ ಅಂತ ಜೆಸಿಬಿ ತರಿಸಿ ಕೀಳಿಸಿಬಿಟ್ಟೆವು. ಅದು ನಾವು ಮಾಡಿದ ದೊಡ್ಡ ತಪ್ಪು. 2019ರ ಮುಂಗಾರಿನಲ್ಲಿ ಮೂರು ಕಡೆ ಮೂರು ಥರದ ಬೇಲಿ ಹಾಕಿದೆವು. ಒಂದೊಂದೂ ಸುಮಾರು 300 ಅಡಿ.

ರಸ್ತೆ ಕಡೆ ಕಲ್ಲುಕಂಬ, ಮುಳ್ಳುತಂತಿ. 22 ಸಾವಿರ ಖರ್ಚಾಯಿತು. ಎರಡೇ ದಿನದಲ್ಲಿ ಕೆಲಸ ಮುಗಿದು, ಮೂರನೇ ದಿನದಿಂದಲೇ ದನ ನುಗ್ಗುವುದು ನಿಂತಿತು. ಈ ವಿಷಯದಲ್ಲಿ ತಂತಿಯನ್ನು ಮೀರಿಸುವುದು ಯಾವುದೂ ಇಲ್ಲ. ಆದರೆ ಅದರ ಮೇಲೆ ಕಾಜಾಣ ಕೂತು ಹುಳ ಹಿಡಿಯುವುದು ಬಿಟ್ಟರೆ ಬೇರೆ ಜೀವವೇ ಕಾಣಲಿಲ್ಲ. ಒಂದು ಬೆಳಗ್ಗೆ ಮೇಲಿನ ಎಳೆಗೆ ಗೂಬೆಯೊಂದರ ರೆಕ್ಕೆ ಸಿಕ್ಕಿಕೊಂಡಿತ್ತು. ಕಟಿಂಗ್ ಪ್ಲೇಯರ್ ತಂದು ಬಿಡಿಸುವ ಹೊತ್ತಿಗೆ ರೆಕ್ಕೆ ಹರಿದುಹೋಗಿತ್ತು. ಸಂಜೆಗೆ ಸತ್ತುಹೋಯಿತು. ರಾತ್ರಿಯೆಲ್ಲ ನಮ್ಮ ಹೊಲದ ಇಲಿ ಹಿಡಿಯುತ್ತಿದ್ದ ಹಕ್ಕಿ ಅದು.

ಪಶ್ಚಿಮಕ್ಕೆ ಬರೀ ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ. ಪಕ್ಕದೂರಿನಿಂದ ಕಡ್ಡಿ ತಂದು ಅಡಿಗೊಂದು ಚುಚ್ಚಿದೆವು, ಬಹುಪಾಲು ಚಿಗುರಿತು. ಸೊಪ್ಪಿನಲ್ಲಿ ಸಾರಜನಕ ಜಾಸ್ತಿ, ಕಡಿದು ಹೊಲಕ್ಕೆ ಹಾಕಿದರೆ ಬೇಗ ಕರಗುತ್ತೆ. ಗೊಬ್ಬರಕ್ಕೋಸ್ಕರ ಆದರೆ ಕಣ್ಣು ಮುಚ್ಚಿ ನೆಡಿ. ಆದರೆ ಬೇಸಿಗೆಗೆ ಎಲೆ ಉದುರಿಸಿ ಬೋಳಾಗುತ್ತೆ, ಸಂದಿಯಲ್ಲಿ ಮೇಕೆ ನುಗ್ಗುತ್ತೆ. ಹೂವು ಬಂದಾಗ ಜೇನು ಬರುತ್ತೆ, ಆಮೇಲೆ ಏನೂ ಇಲ್ಲ.

ಪೂರ್ವದ ಬೇಲಿಗೆ ಲಕ್ಕಿ, ಕವಳೆ, ಸೀಗೆ, ಕಾರೆ, ನಡುನಡುವೆ ಹೊಂಗೆ. ಇದು ಸತಾಯಿಸಿದಷ್ಟು ಯಾವುದೂ ಸತಾಯಿಸಲಿಲ್ಲ. ಮೊದಲ ವರ್ಷ ಕವಳೆ ಬೀಜ ಒಂದೂ ಹುಟ್ಟಲಿಲ್ಲ. ಒಣಗಿಸಿ ಇಟ್ಟಿದ್ದೇ ತಪ್ಪು, ಹಣ್ಣಿಂದ ತೆಗೆದ ಕೂಡಲೇ ಹಾಕಬೇಕು. ಲಕ್ಕಿ ಮಾತ್ರ ಕಡ್ಡಿ ಚುಚ್ಚಿದರೆ ಸಾಕು, ಮೇಕೆ ಮೂಸಿಯೂ ನೋಡುವುದಿಲ್ಲ. ಬೇಲಿ ಬಿಗಿಯಾಗಲು ನಾಲ್ಕು ವರ್ಷ ಹಿಡಿಯಿತು. ಅಲ್ಲಿಯವರೆಗೆ ಜಾಲಿ ಮುಳ್ಳು ಒಡ್ಡಿ ಕಾದೆವು.

ಈಗ ಅಲ್ಲಿ ಹೋಗಿ ನಿಂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ಲಕ್ಕಿ ಹೂವಿಗೆ ತುಡುವೆ ಜೇನು, ಕೋಲುಜೇನು ಎರಡೂ ಬರುತ್ತವೆ. ಸೀಗೆ ಮೆಳೆಯೊಳಗೆ ಕೆಂಬೂತ ಗೂಡು ಕಟ್ಟಿದೆ. ಹೋದ ವರ್ಷ ಅವರೆ ಕುಡಿಗೆ ಹೇನು, ಅಂದರೆ ಗಿಡದ ರಸ ಹೀರುವ ಸಣ್ಣ ಕೀಟ, ಕಟ್ಟಿತು. ಬೇಲಿ ಪಕ್ಕದ ಸಾಲಿನಲ್ಲಿ ಬಗ್ಗಿ ನೋಡಿದೆ. ಕಪ್ಪು ಮೈ, ಕಿತ್ತಳೆ ಚುಕ್ಕೆ, ಪುಟಾಣಿ ಮೊಸಳೆಯ ಹಾಗಿದ್ದ ಹುಳ ಒಂದೊಂದೇ ಹೇನನ್ನು ತಿನ್ನುತ್ತಿತ್ತು. ಅದು ಗುಲಗಂಜಿ ಹುಳದ ಮರಿ. ಇದನ್ನೇ ಬೆಳೆ ತಿನ್ನುವ ಹುಳ ಅಂದುಕೊಂಡು ನಾನೇ ಎಷ್ಟೋ ಸಲ ಔಷಧಿ ಹೊಡೆದಿದ್ದೇನೆ. ಆ ಸಲ ಕೈಕಟ್ಟಿ ಕಾದೆ. ಹತ್ತು ದಿನದಲ್ಲಿ ಆ ಸಾಲು ತಿಳಿಯಾಯಿತು. ತಂತಿ ಕಡೆಯ ಸಾಲಿಗೆ ಬೇವಿನ ಕಷಾಯ ಹೊಡೆಯಲೇಬೇಕಾಯಿತು.

ನಷ್ಟವೂ ಇದೆ. ಹೊಂಗೆ ನೆರಳಿಗೆ ಎರಡು ಸಾಲು ರಾಗಿ ಸೊರಗುತ್ತೆ, ವರ್ಷಕ್ಕೊಮ್ಮೆ ರೆಂಬೆ ಸವರಬೇಕು. ನವಿಲಿಗೂ ಅಲ್ಲೇ ಮರೆ, ಬಿತ್ತಿದ ವಾರವೆಲ್ಲ ಕಾವಲು. ಕವಳೆಕಾಯಿ ಉಪ್ಪಿನಕಾಯಿ ಮತ್ತು ಸೀಗೆಕಾಯಿಯಿಂದ ಮನೆಗೆ ಬರುವುದನ್ನು ಲೆಕ್ಕ ಹಾಕಿದರೆ ಆ ಎರಡು ಸಾಲು ನನಗೆ ಹೆಚ್ಚೇನಲ್ಲ.

ದನದ ಕಾಟ ತಡೆಯಲಾಗದಷ್ಟಿದ್ದರೆ ಮೊದಲು ತಂತಿ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಅದೇ ಮಳೆಗಾಲದಲ್ಲಿ ಅದರ ಬುಡಕ್ಕೆ ಗಿಡವನ್ನೂ ನೆಡಿ. ನಮ್ಮ ರಸ್ತೆ ಕಡೆ ಮೇಲಿನ ಎಳೆಯ ಮುಳ್ಳುತಂತಿ ತೆಗೆದು ನಯವಾದ ತಂತಿ ಕಟ್ಟಿದ್ದೇನೆ. ಈ ಮುಂಗಾರಿಗೆ ಅದರ ಉದ್ದಕ್ಕೂ ಲಕ್ಕಿ ಕಡ್ಡಿ ಚುಚ್ಚುತ್ತೇನೆ.