ಟ್ಯಾಲೆಂಟ್ ಟೆಸ್ಟ್ ಬರೆಸಿ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುವವರು: ಶಿವಮೊಗ್ಗ ಕಡೆಯ ಪಿಯು ಪೋಷಕರೇ, ಸ್ವಲ್ಪ ಓದಿ

ಮನೆಯಲ್ಲಿ ಸೆಕೆಂಡ್ ಪಿಯು ಸೈನ್ಸ್ ಓದುವ ಮಕ್ಕಳಿದ್ದರೆ ಇದನ್ನು ಪೂರ್ತಿ ಓದಿ. ವಿಜ್ಞಾನ, ಗಣಿತದಲ್ಲಿ ಜಾಣರಾದ ಮಕ್ಕಳಿಗೆ ವರ್ಷಕ್ಕೆ 80,000 ರೂಪಾಯಿ ಸೆಂಟ್ರಲ್ ಸ್ಕಾಲರ್‌ಶಿಪ್ ಕೊಡಿಸುತ್ತೇವೆ ಅಂತ ಶಿವಮೊಗ್ಗದಲ್ಲಿ ಕೆಲವರು ಆಫೀಸು ಮಾಡಿಕೊಂಡು ಕೂತಿದ್ದಾರೆ. ನನ್ನ ಅಕ್ಕನ ಮನೆಯವರು ಅವರ ಕೈಗೆ ಸಿಕ್ಕಿ 18,500 ರೂಪಾಯಿ ಕಳೆದುಕೊಂಡರು. ದುಡ್ಡು ಹೋದರೆ ಹೋಯಿತು ಅನ್ನಬಹುದಿತ್ತು. ಮಗಳ ಒರಿಜಿನಲ್ ಮಾರ್ಕ್ಸ್ ಕಾರ್ಡ್, ಟಿಸಿ ಎರಡೂ ಅವರ ಬೀರುವಿನಲ್ಲಿ ಉಳಿದವು. ಇತ್ತ ಡಿಗ್ರಿ ಅಡ್ಮಿಷನ್ ಮುಗಿಯುತ್ತಾ ಬಂದಿತ್ತು.

ಅಕ್ಕನ ಊರು ಹೊಸನಗರ ತಾಲ್ಲೂಕಿನ ಒಳಗಿದೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ನೆಟ್‌ವರ್ಕೂ ಹೋಯಿತು ಅಂತಲೇ ಲೆಕ್ಕ. ಒಂದು ಅರ್ಜಿ ಹಾಕಬೇಕೆಂದರೂ ಪೇಟೆಗೆ ಬರಬೇಕು. ಈ ಜನ ಹುಡುಕುವುದೇ ಇಂಥ ಮನೆಗಳನ್ನು.

ಶುರುವಾದದ್ದು ಡಿಸೆಂಬರ್‌ನಲ್ಲಿ, ಅಕ್ಕನ ಮಗಳ ಪಿಯು ಕಾಲೇಜಿನಲ್ಲೇ. ಯಾರೋ ಬಂದು ಸೈನ್ಸ್ ಮತ್ತು ಮ್ಯಾಥ್ಸ್ ಟ್ಯಾಲೆಂಟ್ ಟೆಸ್ಟ್ ನಡೆಸಿದರು. ಫೀಸು 200 ರೂಪಾಯಿ, ಓಎಂಆರ್ ಶೀಟು, ಎಲ್ಲಾ ಅಚ್ಚುಕಟ್ಟು. ಪಾಂಪ್ಲೆಟ್‌ನಲ್ಲಿ 'ಕೆವಿಪಿವೈ ಮಾದರಿ ಪರೀಕ್ಷೆ' ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದರು. ಕೆವಿಪಿವೈ ಅಂದರೆ ಪರೀಕ್ಷೆ ಬರೆಸಿ ವಿಜ್ಞಾನ ಓದುವ ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಡುತ್ತಿದ್ದ ಕೇಂದ್ರದ ಯೋಜನೆ, ಒಳ್ಳೆಯದೇ. 1999ರಲ್ಲಿ ಶುರುವಾಗಿತ್ತು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ಅದನ್ನು ನಡೆಸುತ್ತಿತ್ತು. ಆದರೆ 2022ರಲ್ಲಿ ಅದನ್ನು ನಿಲ್ಲಿಸಿ ಇನ್‌ಸ್ಪೈರ್ ಎಂಬ ಕೇಂದ್ರದ ಇನ್ನೊಂದು ಸ್ಕಾಲರ್‌ಶಿಪ್ ಯೋಜನೆಯೊಳಗೆ ಸೇರಿಸಿಬಿಟ್ಟರು. ನಿಂತುಹೋದ ಪರೀಕ್ಷೆಯ ಹೆಸರಿಗೆ ಹಳ್ಳಿ ಕಡೆ ಇನ್ನೂ ಬೆಲೆ ಇದೆ. ಅದು ಇವರಿಗೆ ಚೆನ್ನಾಗಿ ಗೊತ್ತು.

ಏಪ್ರಿಲ್‌ನಲ್ಲಿ, ಪಿಯು ರಿಸಲ್ಟ್ ಬರುವ ಮೊದಲೇ, ಪತ್ರ ಬಂತು. ನೋಡಿದರೆ ಸರ್ಕಾರದ್ದೇ ಅನ್ನಿಸುವ ಮುದ್ರೆ, 'ಇನ್‌ಸ್ಪೈರ್ ಸ್ಕಾಲರ್‌ಶಿಪ್‌ಗೆ ಆಯ್ಕೆಯಾಗಿದ್ದೀರಿ' ಎಂಬ ಸಾಲು. ಅಕ್ಕ ಅದನ್ನು ದೇವರ ಮುಂದೆ ಇಟ್ಟಿದ್ದಳು. ಆಮೇಲೆ ವಿಚಾರಿಸಿದರೆ ಕ್ಲಾಸಿನಲ್ಲಿ ಟೆಸ್ಟ್ ಬರೆದ ಎಲ್ಲರಿಗೂ ಅದೇ ಪತ್ರ ಬಂದಿತ್ತು. ಕೆಮಿಸ್ಟ್ರಿಯಲ್ಲಿ ಫೇಲಾದ ಹುಡುಗನೂ 'ಆಯ್ಕೆ'ಯಾಗಿದ್ದ!

ರಿಸಲ್ಟ್ ಆದ ಮೇಲೆ ಭಾವ ಮಗಳನ್ನು ಕರೆದುಕೊಂಡು ಶಿವಮೊಗ್ಗದ ಆ ಆಫೀಸಿಗೆ ಹೋದರು. ಪ್ರೊಸೆಸಿಂಗ್ ಅಂತ 3,500, ಸೀಟ್ ಬ್ಲಾಕಿಂಗ್ ಅಂತ 15,000 ಕೇಳಿದರು. ಎರಡೂ ಫೋನ್‌ಪೇಯಲ್ಲಿ, ಅದೂ ಯಾರದೋ ಸ್ವಂತ ನಂಬರಿಗೆ. ಮಾರ್ಕ್ಸ್ ಕಾರ್ಡ್, ಟಿಸಿ ಒರಿಜಿನಲ್ಲೇ ಬೇಕು ಅಂದರು. ಒರಿಜಿನಲ್ ಯಾಕೆ ಅಂತ ಭಾವ ಕೇಳಿದ್ದಕ್ಕೆ, "ವೆರಿಫಿಕೇಶನ್‌ಗೆ ದಿಲ್ಲಿಗೆ ಕಳಿಸ್ಬೇಕು ಸಾರ್, ಎರಡೇ ದಿನ" ಅಂದರಂತೆ. ಅರ್ಜಿಗೆ ಹಾಕಿದ ಮೊಬೈಲ್ ನಂಬರೂ ಆಫೀಸಿನವರದ್ದೇ. ಅಂದರೆ ಒಟಿಪಿ ಬಂದರೂ ಹುಡುಗಿಗೆ ಗೊತ್ತಾಗುವುದಿಲ್ಲ.

ಎರಡು ದಿನ ಕಳೆದು ವಾರಗಳಾದವು. ಆಮೇಲೆ ನಿಜವಾದ ವ್ಯಾಪಾರ ಹೊರಗೆ ಬಂತು. ಸ್ಕಾಲರ್‌ಶಿಪ್ ಬೇಕಾದರೆ ಬೆಂಗಳೂರಿನ ಹೊರಗಿನ ಒಂದು ಎಂಜಿನಿಯರಿಂಗ್ ಕಾಲೇಜಿಗೇ ಸೇರಬೇಕಂತೆ. ವರ್ಷಕ್ಕೆ 2,40,000 ಫೀಸು, ಅದರಲ್ಲಿ 80,000 'ಸ್ಕಾಲರ್‌ಶಿಪ್' ಕಳೆಯುತ್ತಾರಂತೆ. ಅಡಿಕೆಗೆ ಜಾಸ್ತಿ ರೇಟು ಹೇಳಿ ತೂಕದಲ್ಲಿ ಹೊಡೆಯುವ ವ್ಯಾಪಾರಿಗಳನ್ನು ನಮ್ಮವರು ದೂರದಿಂದಲೇ ಗುರುತಿಸುತ್ತಾರೆ. ಇದೂ ಅದೇ ಲೆಕ್ಕ ಅಲ್ವಾ? ಆದರೆ ಇಂಗ್ಲಿಷಿನಲ್ಲಿ ಸೀಲು ಹೊಡೆದ ಪತ್ರ ಕಂಡರೆ ಅದೇ ಜನ ಸುಮ್ಮನಾಗಿಬಿಡುತ್ತಾರೆ. ಹುಡುಗಿಗೆ ಬೇಕಿದ್ದದ್ದು ಫಿಸಿಕ್ಸ್, ಮ್ಯಾಥ್ಸ್ ಇರುವ ಬಿಎಸ್ಸಿ. ಎಂಜಿನಿಯರಿಂಗ್ ಬೇಡ ಅಂತ ಅವಳು ಮೊದಲಿಂದ ಹೇಳುತ್ತಲೇ ಇದ್ದಳು.

ಅವಳು ನನಗೆ ಫೋನ್ ಮಾಡಿ, "ಮಾವ, ಇನ್‌ಸ್ಪೈರ್ ಎಂಜಿನಿಯರಿಂಗ್‌ಗೆ ಕೊಡ್ತಾರಾ?" ಅಂದಳು. ಕೊಡುವುದಿಲ್ಲ. ಇಡೀ ಮೋಸ ಆ ಒಂದು ಪ್ರಶ್ನೆಯಲ್ಲೇ ಬಯಲಾಗುತ್ತದೆ. ಇನ್‌ಸ್ಪೈರ್ ಸ್ಕಾಲರ್‌ಶಿಪ್ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯದ್ದು. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿಯಂಥ ಮೂಲ ವಿಜ್ಞಾನದಲ್ಲಿ ಬಿಎಸ್ಸಿ ಅಥವಾ ಇಂಟಿಗ್ರೇಟೆಡ್ ಎಂಎಸ್ಸಿ ಸೇರಿದವರಿಗೆ ಮಾತ್ರ. ಬಿಇ, ಎಂಬಿಬಿಎಸ್‌ಗೆ ಇಲ್ಲ. ಪಿಯು ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇಕಡಾ 1ರೊಳಗೆ ಬಂದಿರಬೇಕು. ಜೆಇಇ, ನೀಟ್‌ನಲ್ಲಿ ಮೊದಲ 10,000 ರ‍್ಯಾಂಕಿನೊಳಗಿದ್ದು ಮೂಲ ವಿಜ್ಞಾನ ಆರಿಸಿಕೊಂಡವರಿಗೂ ದಾರಿ ಇದೆ. ದೇಶಕ್ಕೆಲ್ಲ ಸೇರಿ ವರ್ಷಕ್ಕೆ 12,000 ಸ್ಕಾಲರ್‌ಶಿಪ್. ಬೋರ್ಡ್ ರಿಸಲ್ಟೇ ಬಾರದೆ ಶೇಕಡಾ 1ರೊಳಗೆ ಯಾರಿದ್ದಾರೆ ಅಂತ ಹೇಗೆ ಗೊತ್ತಾಗಬೇಕು? ಅರ್ಜಿ ಹಾಕುವುದೂ ಡಿಗ್ರಿಗೆ ಸೇರಿದ ಮೇಲೆ, ಆ ಕಾಲೇಜಿನ ಪ್ರಿನ್ಸಿಪಾಲರು ಸಹಿ ಮಾಡಿದ ಎಂಡಾರ್ಸ್‌ಮೆಂಟ್ ಫಾರ್ಮ್ ಹಚ್ಚಿ. ಹಾಗಾಗಿ ಏಪ್ರಿಲ್‌ನಲ್ಲಿ ಬಂದ 'ಆಯ್ಕೆ ಪತ್ರ' ಪೂರ್ತಿ ಸುಳ್ಳು. 80,000 ಪೂರ್ತಿ ಕೈಗೆ ಬರುತ್ತದೆ ಅನ್ನುವುದೂ ಸರಿಯಲ್ಲ. 60,000 ವಿದ್ಯಾರ್ಥಿಯ ಖಾತೆಗೆ. ಉಳಿದ 20,000 ಬೇಸಿಗೆಯಲ್ಲಿ ಒಬ್ಬ ಗೈಡ್ ಹತ್ತಿರ ಮಾಡುವ ಸಂಶೋಧನಾ ಪ್ರಾಜೆಕ್ಟಿಗೆ. ಅರ್ಜಿಗೆ ಒಂದು ರೂಪಾಯಿ ಫೀಸೂ ಇಲ್ಲ.

ಶೇಕಡಾ 1ರೊಳಗೆ ಬಾರದ ಮಕ್ಕಳಿಗೂ ಬೇರೆ ದಾರಿ ಇದೆ. ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಕೇಂದ್ರದ್ದೇ ಒಂದು ಯೋಜನೆಯಿದೆ. ಬೋರ್ಡಿನಲ್ಲಿ 80ನೇ ಪರ್ಸೆಂಟೈಲ್‌ಗಿಂತ ಮೇಲಿದ್ದು (ಅಂದರೆ ನೂರಕ್ಕೆ ಎಂಬತ್ತು ಮಕ್ಕಳಿಗಿಂತ ಮುಂದಿದ್ದು), ಮನೆಯ ಆದಾಯ 4.5 ಲಕ್ಷದೊಳಗಿದ್ದರೆ ಡಿಗ್ರಿಯಲ್ಲಿ ವರ್ಷಕ್ಕೆ 12,000 ರೂಪಾಯಿ. ರಾಜ್ಯದ ಸ್ಕಾಲರ್‌ಶಿಪ್‌ಗಳಿಗೆ ಎಸ್‌ಎಸ್‌ಪಿ ಪೋರ್ಟಲ್ ಬೇರೆ ಇದೆ. ಅದಕ್ಕೆ ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಬೇಕು, ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ (ಜೋಡಣೆ) ಆಗಿರಬೇಕು. ಗ್ರಾಮ ಒನ್‌ನಲ್ಲೋ ಸೈಬರ್‌ನಲ್ಲೋ ಅರ್ಜಿ ತುಂಬಿಸಿದರೆ ಅವರ ಸಣ್ಣ ಚಾರ್ಜು ಕೊಡಿ, ತಪ್ಪಿಲ್ಲ. ಆದರೆ ಮೊಬೈಲ್ ನಂಬರ್ ನಿಮ್ಮದೇ ಇರಲಿ, ಪಾಸ್‌ವರ್ಡ್ ನೀವೇ ಬರೆದಿಟ್ಟುಕೊಳ್ಳಿ.

ಇನ್ನು ಒರಿಜಿನಲ್ ವಾಪಸ್ ಪಡೆದ ಕಥೆ. ಭಾವನ ಜೊತೆ ನಾನೂ ಆ ಆಫೀಸಿಗೆ ಹೋದೆ. ಮೊದಲು ನಗುನಗುತ್ತಾ ಕಾಫಿ ತರಿಸಿದರು. ಆಮೇಲೆ "ಕ್ಯಾನ್ಸಲೇಶನ್ ಚಾರ್ಜ್ 25,000 ಆಗತ್ತೆ" ಅಂದರು. ಭಾವನಿಗೆ ಸಿಟ್ಟು ನೆತ್ತಿಗೇರಿತು. "ಎಂಥ ಮಾರಾಯ, ನನ್ನ ಮಗಳ ಮಾರ್ಕ್ಸ್ ಕಾರ್ಡ್ ನಾನೇ ದುಡ್ಡು ಕೊಟ್ಟು ಬಿಡಿಸ್ಕೊಬೇಕಾ?" ಅಂತ ಜೋರು ಮಾಡಿದರು. ಜೋರು ಮಾಡಿ ಏನೂ ಆಗಲಿಲ್ಲ. ನಿಜವಾದ ಕಾಲೇಜುಗಳೂ ಒರಿಜಿನಲ್ ನೋಡಿ ವಾಪಸ್ ಕೊಡಬೇಕು, ಇಟ್ಟುಕೊಳ್ಳುವ ಹಾಗಿಲ್ಲ ಅಂತ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲೇ ಹೇಳಿದೆ. ಏಜೆಂಟನಿಗೆ ಯಾವ ಹಕ್ಕು? ಅದನ್ನೇ ಬರೆದು, ಫೋನ್‌ಪೇ ಸ್ಕ್ರೀನ್‌ಶಾಟು, ಆ ಸುಳ್ಳು ಪತ್ರದ ಜೆರಾಕ್ಸು ಹಚ್ಚಿ ಪೊಲೀಸ್ ಠಾಣೆಗೆ ಅರ್ಜಿ ಕೊಟ್ಟೆವು, ಸ್ವೀಕೃತಿಯನ್ನೂ ತೆಗೆದುಕೊಂಡೆವು. ಠಾಣೆಯಿಂದ ಒಂದು ಫೋನ್ ಹೋಯಿತು ನೋಡಿ, ದಿಲ್ಲಿಗೆ ಹೋಗಿದ್ದ ಮಾರ್ಕ್ಸ್ ಕಾರ್ಡ್ ಸಂಜೆಯೊಳಗೆ ಶಿವಮೊಗ್ಗದಲ್ಲೇ ಸಿಕ್ಕಿತು!

ಹುಡುಗಿ ಕೊನೆಯ ವಾರದಲ್ಲಿ ಸರ್ಕಾರಿ ಕಾಲೇಜಿನಲ್ಲಿ ಬಿಎಸ್ಸಿ ಸೇರಿದಳು. ದುಡ್ಡು ಇನ್ನೂ ಬಂದಿಲ್ಲ. ಸೈಬರ್ ವಂಚನೆಯ 1930 ನಂಬರಿಗೂ ದೂರು ಕೊಟ್ಟಿದ್ದೇವೆ. ದುಡ್ಡು ಹೋದ ತಕ್ಷಣ ಅಲ್ಲಿಗೆ ಫೋನ್ ಮಾಡಿದರೆ ಖಾತೆ ತಡೆಹಿಡಿಯುವ ಸಾಧ್ಯತೆ ಜಾಸ್ತಿ, ವಾರಗಟ್ಟಲೆ ಬಿಟ್ಟರೆ ಕಷ್ಟ. ನಿಮ್ಮ ಮಕ್ಕಳ ಕಾಲೇಜಿಗೂ ಇಂಥ ಟೆಸ್ಟ್ ಬಂದಿದ್ದರೆ ನಡೆಸಿದವರು ಯಾರು ಅಂತ ಪ್ರಿನ್ಸಿಪಾಲರನ್ನೇ ಕೇಳಿ. ಅವಳ ಕಾಲೇಜಿನಲ್ಲಿ ಯಾರೂ ಕೇಳಿರಲಿಲ್ಲ.